ಮೂರು ಪದರದ ಬಟ್ಟೆ ಮಾಸ್ಕ್: ಬಳಸಿ ನೋಡಿ ಬರೆದದ್ದು

ಒಳಗೆ ಹತ್ತಿ, ನಡುವೆ ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ ಎಳೆಯ ಬಟ್ಟೆ, ಹೊರಗೆ ಪಾಲಿಯೆಸ್ಟರ್. 2020ರ ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಬಟ್ಟೆ ಮಾಸ್ಕಿಗೆ ಸೂಚಿಸಿದ್ದು ಇಂಥದ್ದೇ ಜೋಡಣೆ. ಹೊಲಿಗೆ ಗಟ್ಟಿಯಾಗಿದೆ. ಮೂಗಿನ ಮೇಲಿನ ತಂತಿಯನ್ನು ಚೆನ್ನಾಗಿ ಒತ್ತಿಕೊಂಡರೆ ನನ್ನ ಕನ್ನಡಕ ಮಂಜಾಗುವುದಿಲ್ಲ.

ದೊಡ್ಡ ದೋಷ ಕಿವಿಯ ಎಲಾಸ್ಟಿಕ್. ಹೊಸತರಲ್ಲಿ ಕಿವಿ ನೋಯಿಸುತ್ತದೆ, ತೊಳೆದಷ್ಟೂ ಸಡಿಲವಾಗುತ್ತದೆ. ಇದು ಸಣ್ಣ ವಿಷಯವಲ್ಲ. ಕೋವಿಡ್‌ನ ಆ ದಿನಗಳಲ್ಲಿ ನಾನು ಕಂಡ ಮುಕ್ಕಾಲುಪಾಲು ಮಾಸ್ಕುಗಳು ಗದ್ದದ ಮೇಲಿದ್ದವು. ಸುಮ್ಮನೆ ನಿಂತಾಗ ಮೂಗು ಮುಚ್ಚಿಕೊಂಡವರು ಫೋನ್ ಬಂದೊಡನೆ ಕೆಳಗೆಳೆದು ಮಾತಾಡುತ್ತಿದ್ದರು. ಮಾತಾಡುವಾಗಲೇ ಅಲ್ಲವೇ ಹನಿಗಳು ಹೆಚ್ಚು ಸಿಡಿಯುವುದು! ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆರೋಗ್ಯವಂತರಿಗೆ ಮಾಸ್ಕ್ ಬೇಕಿಲ್ಲ ಎಂದು ಮೊದಲು ಹೇಳಿದ್ದೂ ಅದೇ ಸಂಸ್ಥೆ. ಮಾರ್ಚ್‌ನಲ್ಲಿ ಮಾಸ್ಕ್ ಹಾಕಿದವರನ್ನು ರೋಗಿಯೆಂದು ದೂರ ಸರಿಸಿದ ಜನ, ಜೂನ್ ಹೊತ್ತಿಗೆ ಹಾಕದವರನ್ನು ದುರುಗುಟ್ಟಿ ನೋಡುತ್ತಿದ್ದರು. ಇಷ್ಟು ಬೇಗ ತಿರುಗಿದ ಮಾತಿಗೆ ಕೈ ಒಗ್ಗಿಕೊಳ್ಳಲು ಸಮಯ ಬೇಕು.

ಆ ದೋಷವಿದ್ದರೂ ಬಟ್ಟೆ ಮಾಸ್ಕಿಗೆ ನಾನು ಪೂರ್ತಿ ಅಂಕ ಕೊಡುವುದು ಒಂದು ಕಾರಣಕ್ಕೆ. ಹೆದರಿದವರು ಆಸ್ಪತ್ರೆಯವರು ಬಳಸುವ ಎನ್-95 ಮಾಸ್ಕುಗಳನ್ನು ಪೆಟ್ಟಿಗೆಗಟ್ಟಲೆ ಕೂಡಿಟ್ಟಾಗ ದಾದಿಯರಿಗೇ ಕೊರತೆಯಾಯಿತು. ಬಟ್ಟೆಯದು ಯಾರ ಪಾಲನ್ನೂ ಕಸಿಯಲಿಲ್ಲ.

ದಿನಕ್ಕೊಮ್ಮೆ ಸೋಪು, ಬಿಸಿನೀರಿನಲ್ಲಿ ತೊಳೆಯಿರಿ. ಕೊಳ್ಳುವುದಾದರೆ ತಲೆಯ ಹಿಂದೆ ಕಟ್ಟುವ ದಾರವಿರುವುದನ್ನೇ ಕೊಳ್ಳಿ.