ಇಟಲಿಯ ಬೆಟ್ಟದ ಹಳ್ಳಿಗಳಿಗೆ ಕಾರ್ ಟೂರ್ ಬುಕ್ ಮಾಡುವವರು ದಯವಿಟ್ಟು ಓದಿ

ಸಾನ್‌ರೆಮೊ, ವೆಂಟಿಮಿಲ್ಯಾ ಕಡೆ ಹೋಗಿ ಅಲ್ಲಿಂದ ಒಳಗಿನ ಬೆಟ್ಟದ ಹಳ್ಳಿಗಳನ್ನು ನೋಡಿಕೊಂಡು ಬರೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿದ್ದರೆ, ಇದನ್ನು ಓದಿಯೇ ದುಡ್ಡು ಕಟ್ಟಿ. ಆ ಊರುಗಳ ಮೇಲೆ ನನ್ನದೇನೂ ದೂರಿಲ್ಲ. ಸಿಟ್ಟೆಲ್ಲ ನಮ್ಮನ್ನು ಸುತ್ತಾಡಿಸಿದವರ ಮೇಲೆ.

ನಾವಿರುವುದು ಮ್ಯೂನಿಕ್‌ನಲ್ಲಿ. ಅಪ್ಪ ಹಾಸನದಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿ ರಿಟೈರ್ ಆದವರು. ಈ ಊರುಗಳಿರುವ ಲಿಗೂರಿಯಾ ಪ್ರಾಂತ್ಯಕ್ಕೆ ಹೋಗೋಣ ಅಂದಾಗ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಊರು, ಪೆರಿನಾಲ್ದೊ. ಶನಿಯ ಉಂಗುರಗಳ ನಡುವಿನ ಕಪ್ಪು ಸಂದನ್ನು 1675ರಲ್ಲಿ ಕಂಡುಹಿಡಿದ ಖಗೋಳ ವಿಜ್ಞಾನಿ ಕಸೀನಿ 1625ರಲ್ಲಿ ಹುಟ್ಟಿದ್ದು ಆ ಹಳ್ಳಿಯಲ್ಲಿ. ಅಲ್ಲಿ ಅವನ ಹೆಸರಿನ ವೀಕ್ಷಣಾಲಯವೂ ಇದೆ. ಎಷ್ಟೋ ವರ್ಷ ಬೋರ್ಡಿನ ಮೇಲೆ ಶನಿಯ ಚಿತ್ರ ಬರೆದು ಪಾಠ ಮಾಡಿದ ಮನುಷ್ಯ, ಆಸೆ ಇರಲ್ವಾ?

ಅಮ್ಮನಿಗೆ ಮಂಡಿ ನೋವು, ಬಸ್ಸು ಬದಲಾಯಿಸಿಕೊಂಡು ಹೋಗೋದು ಕಷ್ಟ. ಅದಕ್ಕೇ ಕಾರ್ ಟೂರ್. ದೊಲ್ಚೆಆಕ್ವಾ, ಆಪ್ರಿಕಾಲೆ, ಪೆರಿನಾಲ್ದೊ, ಪೂರ್ತಿ ದಿನ, ಗೈಡ್ ಸಮೇತ, ನಾಲ್ಕು ಜನಕ್ಕೆ 320 ಯೂರೋ, ಎಲ್ಲಾ ಮುಂಗಡ. ಕಟ್ಟುವ ಮುಂಚೆ ನಾನು ಮೆಸೇಜ್ ಮಾಡಿ ಕೇಳಿದ್ದೇನೆ: ಪೆರಿನಾಲ್ದೊದಲ್ಲಿ ನಿಲ್ಲಿಸ್ತೀರಾ, ಅಮ್ಮನಿಗೆ ಬೇಗ ನಡೆಯೋಕೆ ಆಗಲ್ಲ, ಪರವಾಗಿಲ್ವಾ? "ಖಂಡಿತ, ಚಿಂತೆ ಬೇಡ, ನಿಧಾನವಾಗಿ ನೋಡಬಹುದು" ಅಂತ ಉತ್ತರ. ಸ್ಕ್ರೀನ್‌ಶಾಟ್ ಇದೆ ನನ್ನ ಹತ್ತಿರ.

ಗೈಡ್ ಬರಲೇ ಇಲ್ಲ. ಕೇಳಿದರೆ ಡ್ರೈವರೇ ಗೈಡ್ ಅಂತೆ. ದೊಲ್ಚೆಆಕ್ವಾದಲ್ಲಿ ನೆರ್ವಿಯಾ ಹೊಳೆ ಪಕ್ಕ ಇಳಿಸಿ, ಅರ್ಧ ಗಂಟೆ ಅಂದು ಫೋನ್ ಹಿಡಿದುಕೊಂಡು ಹೋದ. ಒಂದೇ ಕಮಾನಿನ ಆ ಹಳೇ ಸೇತುವೆಯನ್ನು 1884ರಲ್ಲಿ ಫ್ರೆಂಚ್ ಚಿತ್ರಕಾರ ಮೊನೆ ಬಂದು ಚಿತ್ರ ಬರೆದಿದ್ದಾನೆ, ಸೇತುವೆಯಾಚೆ ಎತ್ತರದಲ್ಲಿ ದೋರಿಯಾ ಮನೆತನದ ಕೋಟೆ. ಅಮ್ಮ ನನ್ನ ಕೈ ಹಿಡಿದು ಸೇತುವೆ ದಾಟಿ ಹಳೇ ಕೇರಿಯ ಕಲ್ಲಿನ ಓಣಿ ಹತ್ತಲು ಶುರು ಮಾಡಿದ್ದಷ್ಟೆ. ಮಧ್ಯಾಹ್ನವೂ ಕತ್ತಲಿರುವಂಥ ಓಣಿ, ತಲೆ ಮೇಲೆ ಮನೆಯಿಂದ ಮನೆಗೆ ಕಮಾನುಗಳು. ಅಷ್ಟರಲ್ಲಿ ಫೋನ್, ಬನ್ನಿ ಲೇಟಾಯ್ತು ಅಂತ. ಕೋಟೆ ಬಾಗಿಲು ಕೂಡ ನೋಡಲಿಲ್ಲ.

ಲೇಟಾಗಿದ್ದು ಯಾತಕ್ಕೆ ಗೊತ್ತಾ? ಆಲಿವ್ ಎಣ್ಣೆ ಅಂಗಡಿಗೆ. ಅಲ್ಲಿ ಒಂದು ಗಂಟೆಗೂ ಹೆಚ್ಚು. ತಜಾಸ್ಕಾ ಜಾತಿಯ ಸಣ್ಣ ಆಲಿವ್ ಈ ಸೀಮೆಯದ್ದೇ, ಎಣ್ಣೆ ಚೆನ್ನಾಗೇ ಇರುತ್ತೆ, ನನಗದು ಬೇಕಿರಲಿಲ್ಲ ಅಷ್ಟೆ. ಮೂರು ಡಬ್ಬಿ ತಗೊಂಡರೆ ರಿಯಾಯ್ತಿ ಅಂತ ಡ್ರೈವರ್ರೇ ಬಂದು ಹೇಳ್ತಾನೆ! ಅಮ್ಮ ಸಂಕೋಚಕ್ಕೆ ಒಂದು ಡಬ್ಬಿ ತಗೊಂಡರು.

ಆಪ್ರಿಕಾಲೆಯಲ್ಲಿ ಕಾಫಿ ಕುಡಿಯುವಷ್ಟು ಹೊತ್ತು. ಬೆಟ್ಟದ ಏಣಿನ ಮೇಲಿಂದ ಮನೆಗಳು ಒಂದರ ಕಾಲಡಿ ಇನ್ನೊಂದು ಇಳಿದು ಬರುವ ಊರು ಅದು. ಕೆಳಗಿನಿಂದ ನೋಡಿದ್ದೇ ಬಂತು.

ಆಮೇಲೆ ರಸ್ತೆಯ ತಿರುವೊಂದರಲ್ಲಿ ಕಾರ್ ನಿಲ್ಲಿಸಿದ. ಎಂಜಿನ್ ಆಫ್ ಮಾಡಲಿಲ್ಲ. ಗಾಜು ಇಳಿಸಿ ದೂರದ ಗುಡ್ಡದ ನೆತ್ತಿಯತ್ತ ಬೆರಳು ತೋರಿಸಿ "ಪೆರಿನಾಲ್ದೊ. ಫೋಟೋ, ಫೋಟೋ" ಅಂದ. ಅಪ್ಪ ಸೀಟ್ ಬೆಲ್ಟ್ ಬಿಚ್ಚಿ, ಟೋಪಿ ಹಾಕಿಕೊಂಡು ರೆಡಿಯಾಗಿ, "ಇಳಿಯೋದು ಎಲ್ಲಿ ಮಗಾ?" ಅಂತ ನನ್ನ ಕೇಳಿದರು. ಡ್ರೈವರ್ ಆಗಲೇ ಕಾರ್ ವಾಪಸ್ ತಿರುಗಿಸುತ್ತಿದ್ದ. ಅಲ್ಲಿಗೆ ಹೋಗಬೇಕು ಅಂತ ನಾನು ಕೂಗಾಡಿದೆ. ಪ್ರೋಗ್ರಾಂನಲ್ಲಿ ಇಷ್ಟೇ ಇರೋದು, ಮೇಲೆ ಹೋಗಬೇಕಾದರೆ ಇನ್ನೂ 80 ಯೂರೋ, ಅದೂ ಕ್ಯಾಶ್ ಅಂದ. ಅಪ್ಪನೇ "ಬಿಡು, ಜಗಳ ಬೇಡ, ಕಂಡಿತಲ್ಲ" ಅಂದುಬಿಟ್ಟರು. ಅವರ ಮುಖ ನೋಡೋಕಾಗಲಿಲ್ಲ ನನಗೆ. ಕಂಡಿತಲ್ಲ ಅಂತೆ! ಅಷ್ಟು ದೂರದಿಂದ ಬಂದು ಕಾರಿನ ಕಿಟಕಿಯಿಂದ!

ಈಗ ಟೂರ್‌ನವರ ಉತ್ತರಗಳನ್ನು ಕೇಳಿ. ರಾತ್ರಿ ದೂರು ಕಳಿಸಿದೆ. ಮೊದಲನೇ ಉತ್ತರ: "ದೂರದಿಂದ ನೋಡುವ ಸ್ಟಾಪ್ ಕೂಡ ಭೇಟಿಯೇ." ನಾನು ಸ್ಕ್ರೀನ್‌ಶಾಟ್ ಕಳಿಸಿದೆ. ಎರಡನೇ ಉತ್ತರ: "ನಿಮ್ಮ ತಾಯಿ ನಿಧಾನ ನಡೆದದ್ದರಿಂದ ಸಮಯ ಸಾಲಲಿಲ್ಲ." ಓದಿ ಕೈ ನಡುಗಿತು ನನಗೆ. ನಿಧಾನ ನಡೀತಾರೆ ಅಂತ ಮುಂಚೇನೇ ಹೇಳಿದ್ದೆ, ನಿಧಾನವಾಗಿ ನೋಡಬಹುದು ಅಂತ ಬರೆದುಕೊಟ್ಟವರೂ ಇವರೇ. ಎಣ್ಣೆ ಅಂಗಡಿಯಲ್ಲಿ ಕಳೆದ ಹೊತ್ತಿನ ಬಗ್ಗೆ ಒಂದಕ್ಷರ ಇಲ್ಲ. ಮೂರನೆಯದು: ಕೆಟ್ಟ ರಿವ್ಯೂ ಹಾಕದಿದ್ದರೆ ಮುಂದಿನ ಟೂರಿನಲ್ಲಿ ಹತ್ತು ಪರ್ಸೆಂಟ್ ಕಡಿತ. ಮುಂದಿನ ಟೂರಂತೆ! ಅದಾದ ಮೇಲೆ ಉತ್ತರವೇ ಇಲ್ಲ.

ಹೋಗುವವರು ಇಷ್ಟು ಮಾಡಿ. ದೊಲ್ಚೆಆಕ್ವಾ ಒಂದೇ ಸಾಕು ಅಂದರೆ ಟೂರೇ ಬೇಡ, ವೆಂಟಿಮಿಲ್ಯಾವರೆಗೆ ರೈಲು, ಅಲ್ಲಿಂದ ಬಸ್ಸಿದೆ. ಕಾರೇ ಬೇಕಾದರೆ ಯಾವ ಊರಲ್ಲಿ ಎಷ್ಟು ಹೊತ್ತು, ಕಾರಿಂದ ಇಳಿಸ್ತಾರಾ ಇಲ್ವಾ, ಬರೆಸಿಕೊಳ್ಳಿ. ಅಂಗಡಿಗೆ ಬರಲ್ಲ ಅಂತಲೂ ಬರೆಸಿ. ಇಟಲಿಯಲ್ಲಿ ಗೈಡ್ ಕೆಲಸಕ್ಕೆ ಬೇರೆ ಲೈಸೆನ್ಸ್ ಇರುತ್ತೆ, ಡ್ರೈವರ್ ಸಮೇತ ಕಾರು ಬಾಡಿಗೆಗೆ ಓಡಿಸಲು ಎನ್‌ಸಿಸಿ ಅನ್ನೋ ಪರವಾನಗಿ ಬೇರೆ, ಎರಡನ್ನೂ ಕೇಳಿ. ಪೂರ್ತಿ ದುಡ್ಡು ಮುಂಗಡ ಕೇಳುವವರ ಹತ್ತಿರ ಹೋಗಲೇಬೇಡಿ.

ಕಾರ್ಡಿನಲ್ಲಿ ಕಟ್ಟಿದ್ದರಿಂದ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ, ಮೆಸೇಜುಗಳನ್ನೆಲ್ಲ ಲಗತ್ತಿಸಿದ್ದೇನೆ. ಬೇರೆ ಯಾರಿಗಾದರೂ ಇದೇ ಹಾದಿಯಲ್ಲಿ ಹೀಗೇ ಆಗಿದ್ದರೆ ನಿಮ್ಮ ಬ್ಯಾಂಕಿಗೂ ಬರೆಯಿರಿ, ಸುಮ್ಮನಿರಬೇಡಿ.