ಗ್ರೂಪಾ, ಚಾನೆಲ್ಲಾ, ಫೇಸ್‌ಬುಕ್ಕಾ? ತಾಲ್ಲೂಕು ವರದಿಗಾರನ ಅನುಭವ

ನಾನು ಸಾಗರದಲ್ಲಿ ವರದಿಗಾರ. ನನ್ನ ಓದುಗರು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ ‘ನಮ್ಮೂರ ರಸ್ತೆ ಬಗ್ಗೆ ಯಾವಾಗ ಬರೀತ್ರಿ’ ಅಂತ ಕೇಳುವಂಥವರು. ಆ ಮಾತು ಫೋನಿನಲ್ಲೂ ನಡೆಯಲಿ ಎಂದು ವಾಟ್ಸಾಪ್ ಗ್ರೂಪ್, ವಾಟ್ಸಾಪ್ ಚಾನೆಲ್, ಫೇಸ್‌ಬುಕ್, ಎಕ್ಸ್ ನಾಲ್ಕನ್ನೂ ಬಳಸಿ ನೋಡಿದೆ.

ಮೊದಲು ಗ್ರೂಪ್. ಒಂದು ಗ್ರೂಪಿಗೆ ಈಗ 1024 ಜನ ಸೇರಬಹುದು. ಬೆಳಗಾದರೆ ಹೂವಿನ ಚಿತ್ರ, ಶುಭೋದಯ, ಮಧ್ಯೆ ಯಾರದ್ದೋ ಸೈಟ್ ಮಾರಾಟ. ಅಡ್ಮಿನ್ ಆದವನ ಕಷ್ಟ ಶತ್ರುವಿಗೂ ಬೇಡ. ಆದರೆ ಸುದ್ದಿ ಹುಟ್ಟುವುದು ಇಲ್ಲೇ. ಮರ ಬಿದ್ದು ಲೈನ್ ತುಂಡಾದ ಫೋಟೊ, ತೋಟದ ಎಲೆಚುಕ್ಕಿ ರೋಗ, ಅಡಿಕೆ ಧಾರಣೆ, ಎಲ್ಲ ಜನರೇ ಹಾಕುತ್ತಾರೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಗುವವರೆಗೆ, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಸಾಕು, ‘ಲಾಂಚ್‌ಗೆ ಗಾಡಿ ಹತ್ತಿಸ್ತಾರಾ?’ ಅಂತ ಒಬ್ಬರು ಕೇಳುವುದು, ದಡದಲ್ಲಿ ನಿಂತ ಇನ್ನೊಬ್ಬರು ನನಗಿಂತ ಮೊದಲೇ ಉತ್ತರ ಕೊಡುವುದು ನಡೆದೇ ಇರುತ್ತಿತ್ತು.

ಚಾನೆಲ್ ಭಾರತಕ್ಕೆ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಬರೆಯುವುದು ನಾನೊಬ್ಬನೇ, ಸೇರಿದವರು ಓದಿ ಹೆಬ್ಬೆರಳು, ಹೃದಯದಂಥ ಗುರುತು ಒತ್ತಬಹುದು ಅಷ್ಟೇ. ಹಾಗಾಗಿ ಗಲಾಟೆ ಇಲ್ಲ, ಎಷ್ಟು ಜನ ಬೇಕಾದರೂ ಸೇರಬಹುದು. ಇನ್ನೊಂದು ದೊಡ್ಡ ಅನುಕೂಲ, ಸೇರಿದವರ ನಂಬರ್ ಬೇರೆ ಫಾಲೋವರ್‌ಗಳಿಗೆ ಕಾಣುವುದಿಲ್ಲ. ಗ್ರೂಪಿಗೆ ಬಂದರೆ ಗುರುತಿಲ್ಲದವರು ಮೆಸೇಜ್ ಮಾಡ್ತಾರೆ ಅಂತ ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳು ಸುಮಾರು ಜನ ಚಾನೆಲ್‌ಗೆ ಬಂದರು. ಲಿಂಗನಮಕ್ಕಿ ಮಟ್ಟ ಹಾಕಿದರೆ ಹೆಬ್ಬೆರಳುಗಳ ಸುರಿಮಳೆ. ಅಣೆಕಟ್ಟೆಯ ಗರಿಷ್ಠ ಮಟ್ಟ 1819 ಅಡಿ, ಇನ್ನೆಷ್ಟು ಬಾಕಿ ಅನ್ನೋದು ಮಳೆಗಾಲದಲ್ಲಿ ನಮ್ಮಲ್ಲಿ ಕ್ರಿಕೆಟ್ ಸ್ಕೋರ್ ಇದ್ದ ಹಾಗೆ.

ಒಂದು ದಿನ ನಾನೇ ಎಡವಿದೆ. ಜೋರು ಮಳೆ, ರಾತ್ರಿ ಹತ್ತು ಗಂಟೆ. ಶಾಲೆಗೆ ರಜೆ ಎಂಬ ಆದೇಶದ ಫೋಟೊ ಬಂತು. ಸಹಿ, ಸೀಲು ಎಲ್ಲ ಸರಿಯಿತ್ತು, ತಾರೀಕಿನ ಇಸವಿ ನೋಡಲಿಲ್ಲ. ಗ್ರೂಪಿಗೂ ಚಾನೆಲ್‌ಗೂ ಒಟ್ಟಿಗೇ ಹಾಕಿದೆ. ಎರಡೇ ನಿಮಿಷದಲ್ಲಿ ಗ್ರೂಪಿನಲ್ಲಿ ಒಬ್ಬ ಮೇಷ್ಟ್ರು, ‘ಇದು ಹೋದ ವರ್ಷದ್ದು ಮಾರಾಯ್ರೆ’ ಅಂದರು. ತಕ್ಷಣ ಅಳಿಸಿದೆ. ಗಾಬರಿಯಲ್ಲಿ ಚಾನೆಲ್ ಮರೆತೇಹೋಯಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಅಲ್ಲಿ ಹೆಬ್ಬೆರಳು, ಹೃದಯ, ಕೈಮುಗಿದ ಗುರುತು. ಮಕ್ಕಳಿಗೆ ಖುಷಿಯೋ ಖುಷಿ ಇರಬೇಕು! ಅಲ್ಲೂ ಯಾರಿಗಾದರೂ ತಪ್ಪು ಗೊತ್ತಾಗಿರಬಹುದು, ಆದರೆ ಹೇಳಲು ಜಾಗವೇ ಇರಲಿಲ್ಲ. ಆಮೇಲೆ ತಿದ್ದುಪಡಿ ಹಾಕಿದೆ, ಕ್ಷಮೆ ಕೇಳಿದೆ. ಅಷ್ಟರಲ್ಲಿ ಅದನ್ನು ಎಷ್ಟು ಜನ ಫಾರ್ವರ್ಡ್ ಮಾಡಿದ್ದರೋ.

ಫೇಸ್‌ಬುಕ್ಕಿನ ಕಥೆಯೇ ಬೇರೆ. ನನ್ನ ಮಟ್ಟಿಗೆ ಅದು ಊರು ಬಿಟ್ಟವರ ಜಗಲಿ. ಬೆಂಗಳೂರಿನಲ್ಲಿರುವವರು, ವಿದೇಶಕ್ಕೆ ಹೋದವರು ಜೋಗದ ಫೋಟೊ ಹಾಕಿದರೆ ಉದ್ದುದ್ದ ಕಾಮೆಂಟ್ ಬರೆಯುತ್ತಾರೆ. ಶರಾವತಿ ಮುಳುಗಡೆ ಬಗ್ಗೆ ಬರೆದಾಗಲಂತೂ ಅಜ್ಜನ ಮನೆ ಎಲ್ಲಿತ್ತು, ಯಾವ ದಿಬ್ಬದ ಪಕ್ಕ, ಎಲ್ಲ ಬಂತು. ಅದರಿಂದಲೇ ಮುಂದೆ ಎರಡು ವರದಿ ಮಾಡಿದೆ. ಆದರೆ ನಾಳೆ ಕರೆಂಟ್ ಇರುತ್ತಾ ಅಂತ ತಿಳಿಯಬೇಕಾದವರು ಅಲ್ಲಿಗೆ ಬರುವುದು ಕಡಿಮೆ.

ಎಕ್ಸ್? ಅಧಿಕಾರಿಗಳನ್ನು ಟ್ಯಾಗ್ ಮಾಡಿ ಉತ್ತರ ಪಡೆಯಲು ಆಗುತ್ತೆ. ನಮ್ಮ ಓದುಗರು ಅಲ್ಲಿಲ್ಲ, ಅಷ್ಟೇ.

ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಕಣ್ಣುಮುಚ್ಚಿ ಗ್ರೂಪ್ ಇಟ್ಟುಕೊಳ್ಳುತ್ತೇನೆ, ಹೂವಿನ ಚಿತ್ರಗಳ ಸಮೇತ. ಚಾನೆಲ್ ಬಿಟ್ಟಿಲ್ಲ. ಆದೇಶ ಏನೇ ಬರಲಿ, ಮೊದಲು ಗ್ರೂಪಿಗೆ ಹಾಕಿ ಹತ್ತು ನಿಮಿಷ ಕಾಯುತ್ತೇನೆ, ಆಮೇಲೆ ಚಾನೆಲ್‌ಗೆ. ಆ ಮೇಷ್ಟ್ರು ಈಗಲೂ ಸುಮ್ನೆ ಕಾಲೆಳೆಯುತ್ತಾರೆ: ‘ಇಸವಿ ನೋಡಿದ್ರಾ?’