ಸೋರುವ ಹಂಚಿನ ಮಾಡಿಗೆ ಟಾರ್ಪಾಲೋ, ತಗಡಿನ ಶೀಟೋ?

ಎರಡಕ್ಕೂ ದುಡ್ಡು ಸುರಿಯುವ ಮುಂಚೆ ಹಗಲಲ್ಲಿ ಅಟ್ಟ ಹತ್ತಿ ನೋಡಿ. ಬೆಳಕಿನ ಕಿಂಡಿ ಕಂಡಲ್ಲಿ ಹಂಚು ಒಡೆದಿರುತ್ತದೆ, ಇಲ್ಲವೇ ಮಂಗ ಸರಿಸಿರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಂಗನ ಪಾಲೇ ದೊಡ್ಡದು. ಹತ್ತು ಹಂಚು ಬದಲಿಸಿದರೆ ಮುಗಿಯುವ ಕೆಲಸಕ್ಕೆ ಶೀಟು ಯಾಕೆ?

ಈ ಮಳೆಗಾಲ ದಾಟಿದರೆ ಸಾಕು ಎನ್ನುವವರಿಗೆ ಟಾರ್ಪಾಲು. 200 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ತೆಳುವಾದದ್ದು ಆರಿದ್ರಾ ಗಾಳಿಗೇ ಹರಿದೀತು. ಮಾಡಿನ ನೆತ್ತಿ ದಾಟಿ ಎರಡೂ ಬದಿಗೆ ಇಳಿಬಿಡಿ. ಅಂಚು ನೆತ್ತಿಯ ಕೆಳಗೇ ನಿಂತರೆ ನೀರು ಅದರಡಿಗೆ ನುಗ್ಗುತ್ತದೆ. ಹಗ್ಗವನ್ನು ಪಕಾಸಿಗೇ (ಮಾಡು ಹೊರುವ ಇಳಿಜಾರು ಮರ) ಕಟ್ಟಿ. ಕಲ್ಲು ಹೇರಿದರೆ ಹಂಚು ಒಡೆಯುತ್ತದೆ. ಮಳೆ ಮುಗಿದ ಮೇಲೂ ತೆಗೆಯದಿದ್ದರೆ ಹಂಚು ಒಣಗದೆ, ಅದು ಕೂತಿರುವ ಮರದ ಪಟ್ಟಿ, ಅಂದರೆ ರೀಪು, ಕುಂಬಾಗುತ್ತದೆ.

ಚಾಕುವಿನ ತುದಿ ಒತ್ತಿದರೆ ಇಳಿಯುವಷ್ಟು ಪಕಾಸಿ ಮೆತ್ತಗಾಗಿದೆಯೇ? ಹಾಗಿದ್ದರೆ ಮಾಡು ಹತ್ತಲೇಬೇಡಿ. ಅದಕ್ಕೆ ಪೈಪಿನ ಚೌಕಟ್ಟು, 0.5 ಮಿ.ಮೀ. ಶೀಟೇ ಸರಿ, ಖರ್ಚು ಹಲವು ಪಟ್ಟಾದರೂ. ಶೀಟಿನ ತುದಿಗಳು ಕನಿಷ್ಠ 6 ಇಂಚು ಒಂದರ ಮೇಲೊಂದು ಬರಲಿ. ಸ್ಕ್ರೂ ಉಬ್ಬಿನ ಮೇಲೆ, ರಬ್ಬರ್ ವಾಷರ್ ಸಮೇತ; ಅತಿಯಾಗಿ ಬಿಗಿದರೆ ವಾಷರ್ ಸೀಳಿ ಹೊಸ ಮಾಡೂ ಸೋರುತ್ತದೆ.

ಹಂಚು ಪೂರ್ತಿ ತೆಗೆದು ಬರೀ ಶೀಟು ಹಾಕಿದರೆ ಜಡಿಮಳೆಯ ಸದ್ದಿಗೆ ಪಕ್ಕದವರ ಮಾತೂ ಕೇಳದು. ಅಡುಗೆಮನೆಯ ಹಬೆ ತಣ್ಣನೆಯ ತಗಡಿಗೆ ತಾಗಿ ಹನಿಯುತ್ತದೆ, ಅದನ್ನು ಸೋರಿಕೆಯೆಂದು ಮೇಸ್ತ್ರಿಯನ್ನು ಬೈಯುವವರಿದ್ದಾರೆ. ಹೊಗೆಗಿಂಡಿ ಬಿಡಿಸಿಕೊಳ್ಳಿ. ಶೀಟಿನ ಕೆಲಸ ಏಪ್ರಿಲ್‌–ಮೇ ತಿಂಗಳದ್ದು. ಜುಲೈನಲ್ಲಿ ಸೋರತೊಡಗಿದರೆ ಸದ್ಯಕ್ಕೆ ಟಾರ್ಪಾಲೇ ಗತಿ.